ಜನರಿಲ್ಲದ ದಡ

ಜುಲೈ 6

ಅಣ್ಣಾ,

ಚೆನ್ನಾಗಿದ್ದೇನೆ ಎಂದಷ್ಟೇ ಬರೆದರೆ ನೀನು ನಂಬುವವನಲ್ಲ, ಹಾಗಾಗಿ ವಿವರವಾಗಿ ಕೇಳು. ಬೇಕರಿ ಬಿಟ್ಟೆ. ಈಗ ಬ್ಯಾಂಡ್ ವಾದ್ಯಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿದ್ದೇನೆ. ತಲೆ ಚಚ್ಚಿಕೊಳ್ಳಬೇಡ, ಈ ಕೆಲಸ ನನಗೆ ಹಿಡಿಸಿದೆ. ತಗ್ಗುಬಿದ್ದ ತುತ್ತೂರಿಯೊಳಕ್ಕೆ ಉಕ್ಕಿನ ಗುಂಡಿರುವ ಸರಳು ತೂರಿಸಿ, ಒಳಗಿನಿಂದ ಒತ್ತುತ್ತಾ ಒತ್ತುತ್ತಾ ಹಿತ್ತಾಳೆಯನ್ನು ಮೊದಲಿನ ಆಕಾರಕ್ಕೆ ತರಬೇಕು. ಮೇಸ್ತ್ರಿ ಬಾಯಿ ಬಿಟ್ಟರೆ "ನಿಧಾನ, ನಿಧಾನ" ಅನ್ನುತ್ತಾರೆ. ನನಗೆ ಆ ಮಾತು ಹೇಳಿಯೂ ಕೆಲಸದಿಂದ ತೆಗೆಯದವರು ಇವರೊಬ್ಬರೇ.

ಸ್ಥಾಪಕರ ದಿನ ಬರುತ್ತಿರುವುದರಿಂದ ಊರೂರಿನ ಬ್ಯಾಂಡಿನವರು ತಮ್ಮ ಹಳೇ ವಾದ್ಯಗಳನ್ನೆಲ್ಲ ತಂದು ಸುರಿದಿದ್ದಾರೆ. ಈ ಸಲ ಆ ದಿನದ ಬಗ್ಗೆಯೇ ಗಲಾಟೆ ನಡೆದಿರುವುದು ನೀನೂ ಪತ್ರಿಕೆಯಲ್ಲಿ ಓದಿರುತ್ತೀಯ. ಆ ರಜೆಗೆ ಬೇರೆ ಹೆಸರಿಡಬೇಕೇ ಬೇಡವೇ ಎಂದು ಸರ್ಕಾರದ ಸಮಿತಿಯೊಂದು ಊರೂರಿಗೆ ಹೋಗಿ ಜನರನ್ನು ಕೇಳುತ್ತಿದೆ. ಸೆಪ್ಟೆಂಬರ್ ಮೊದಲ ವಾರ ಇಲ್ಲಿಗೆ ಬರುತ್ತದೆ. ನಾನು ಮಾತಾಡುತ್ತೇನೆಂದು ಹೆಸರು ಕೊಟ್ಟಿದ್ದೇನೆ.

ಏನು ಹೇಳಬೇಕೆಂದು ನಿನ್ನ ಮುಂದೆಯೇ ಅಭ್ಯಾಸ ಮಾಡಿಕೊಳ್ಳುತ್ತೇನೆ. ನಮ್ಮ ಅಪ್ಪನ ಕಡೆಯವರು ಹಡಗಿನಲ್ಲಿ ಬಂದವರು. ಅಮ್ಮನ ಕಡೆಯವರು ಆ ಹಡಗು ಬಂದು ನಿಂತ ದಡದಲ್ಲಿ ಮೊದಲೇ ಇದ್ದವರು. ಹಡಗಿನವರು ಇಳಿದ ಮೇಲೆ ದಡದವರನ್ನು ಜೌಗು ನೆಲಕ್ಕೆ ಅಟ್ಟಿದರು. ಇಳಿದ ದಿನವನ್ನು ಸ್ಥಾಪಕರ ದಿನವೆಂದು ದೇಶವೆಲ್ಲ ಹಬ್ಬ ಮಾಡುತ್ತದೆ. ಅಷ್ಟು ಸಾಲದೆಂದು ಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಜನರಿಲ್ಲದ ದಡಕ್ಕೆ ಬಂದಿಳಿದು ನಾಡು ಕಟ್ಟಿದ ಸ್ಥಾಪಕರಿಗೆ ನಮಿಸುತ್ತೇನೆ" ಎಂದು ಪ್ರತಿಜ್ಞೆ ಹೇಳಿಸುತ್ತಾರೆ. ಜನರಿಲ್ಲದ ದಡವಂತೆ. ಹಾಗಾದರೆ ನಮ್ಮ ಅಜ್ಜಿಯ ಅಜ್ಜಿ ಅಲ್ಲಿ ಏನಾಗಿದ್ದಳು, ಏಡಿಯೇ?

ಇದನ್ನು ಫೋನಿನಲ್ಲಿ ಹೇಳದಿರುವುದಕ್ಕೆ ಕಾರಣ ನಿನಗೆ ಗೊತ್ತು. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಆಮೇಲೆ ಒಟ್ಟಿಗೇ ಇಟ್ಟುಬಿಡುತ್ತೇವೆ. ಊಟ ಆಯ್ತಾ ಅನ್ನುವುದಕ್ಕೆ ಫೋನು, ಜಗಳಕ್ಕೆ ಕಾಗದ ಎಂದು ನೀನೇ ಮಾಡಿದ ಕಾನೂನು.

ನಿನ್ನ ಅಭಿಪ್ರಾಯ ಬರೆ. ಮೇಷ್ಟ್ರ ಅಭಿಪ್ರಾಯ ಬೇಡ, ಅಣ್ಣನದು ಬೇಕು.

ಮಿಡತೆ


ಜುಲೈ 15

ಮಿಡತೆಗೆ,

ಬೇಕರಿ ಬಿಟ್ಟ ಸುದ್ದಿ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಬೇಕರಿಯವರಿಗೂ ಆಗಿರಲಾರದು. ಈ ಮೇಸ್ತ್ರಿಯನ್ನಾದರೂ ವರ್ಷ ತುಂಬುವವರೆಗೆ ಉಳಿಸಿಕೋ.

ಹೆಸರಿನ ವಿಷಯ. ನಾನು ಯೋಚಿಸಿದ್ದನ್ನು ಬರೆಯುತ್ತೇನೆ, ನಡುವೆ ಎದ್ದು ಹೋಗಬೇಡ. ಅಪ್ಪನ ಮುತ್ತಾತ ಹಡಗಿನಲ್ಲಿ ಹಾಯಿ ಹೊಲಿಯುತ್ತಿದ್ದವನು. ಅವನೂರಿನಲ್ಲಿ ತಿನ್ನಲು ಇರಲಿಲ್ಲ, ಅದಕ್ಕೇ ಹತ್ತಿದ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೇ ಬಂದನೆಂದು ಅಪ್ಪ ನಗುತ್ತಾ ಹೇಳುತ್ತಿದ್ದದ್ದು ನಿನಗೆ ನೆನಪಿರಲಾರದು, ಆಗ ನೀನು ತೀರಾ ಚಿಕ್ಕವಳು. ಅವನನ್ನು ಸ್ಥಾಪಕ ಎಂದು ಕರೆದರೆ ಅವನೇ ನಕ್ಕಾನು. ಆದರೆ ವರ್ಷಕ್ಕೊಂದು ದಿನ ಅಂಥವನನ್ನೂ ನೆನೆಯಲು ಒಂದು ನೆಪ ಇದೆಯಲ್ಲ, ಅದನ್ನು ಕಿತ್ತುಕೊಂಡರೆ ಅವನಿಗೆ ಏನು ಉಳಿಯುತ್ತದೆ? ದೊಡ್ಡವರ ಪ್ರತಿಮೆಗಳು ಹೇಗೂ ಇರುತ್ತವೆ. ಹೋಗುವುದು ಹಾಯಿ ಹೊಲಿದವನೇ.

ಇನ್ನು ಸಮಿತಿಯವರು ಸೂಚಿಸಿರುವ ಹೊಸ ಹೆಸರು 'ಐಕ್ಯ ದಿನ'. ಅದನ್ನು ಕೇಳಿದರೆ ನನಗೆ ವಿಮಾ ಕಂಪನಿಯ ಕ್ಯಾಲೆಂಡರ್ ನೆನಪಾಗುತ್ತದೆ. ಹಳೆಯ ಹೆಸರು ಅರ್ಧ ಸುಳ್ಳು ಹೇಳುತ್ತದೆ, ಹೊಸದು ಏನನ್ನೂ ಹೇಳುವುದಿಲ್ಲ.

ನೀನು ಮಾತಾಡು. ಬೇಡ ಅನ್ನುವುದಿಲ್ಲ. ನಿನ್ನ ಕಾಗದದಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದವು, ಸಭೆಯಲ್ಲಿ ಮಾತಾಡುವಾಗ ಅವು ಕಾಣುವುದಿಲ್ಲ ಎಂಬುದೇ ಸಮಾಧಾನ.

ಅಣ್ಣ


ಜುಲೈ 24

ಅಣ್ಣಾ,

ಹಾಯಿ ಹೊಲಿದ ತಾತನ ಕಥೆ ಮೇಸ್ತ್ರಿಗೆ ಹೇಳಿದೆ. ಅವರು ಬಾಯಲ್ಲಿದ್ದ ಟೀ ಉಗುಳುವಷ್ಟು ನಕ್ಕರು. "ನನ್ನ ಕೇಳಿದ್ರೆ, ಹೆಸರು ಏನಾದ್ರೂ ಇಟ್ಕೊಳ್ಳಲಿ, ಬ್ಯಾಂಡ್ ಮಾತ್ರ ನಿಲ್ಲಿಸಬಾರದು" ಎಂಬುದು ಅವರ ಅಭಿಪ್ರಾಯ. ಐಕ್ಯ ದಿನ ನನಗೂ ಬೇಡ. ನಾನು 'ದಡದ ದಿನ' ಎಂದು ಕೇಳುತ್ತೇನೆ. ತಾತ ಇಳಿದದ್ದೂ ದಡಕ್ಕೆ, ಅಜ್ಜಿ ಇದ್ದದ್ದೂ ದಡದಲ್ಲಿ. ಇಬ್ಬರಿಗೂ ಜಾಗವಿದೆ.

ಈಗ ಒಂದು ಕಷ್ಟ ಬಂದಿದೆ. ಹೆಸರು ಬದಲಿಸಿ ಎನ್ನುವ ಸಂಘವನ್ನು ನಡೆಸುವವರು ಒಬ್ಬ ವಕೀಲರಮ್ಮ. ಒಳ್ಳೆಯವರು, ನಾನು ಹೋದರೆ ಮೊದಲು ಏನಾದರೂ ತಿನ್ನಲು ಕೊಟ್ಟು ಆಮೇಲೆ ಮಾತಾಡುತ್ತಾರೆ. ಅವರು ನನಗಾಗಿ ಒಂದು ಹೇಳಿಕೆ ಬರೆದಿದ್ದರು. ಅದರ ಮೊದಲ ಸಾಲು: ಪ್ರತಿಜ್ಞೆ ಹೇಳಲು ಒಪ್ಪದ ಕಾರಣ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿ ನಾನು.

ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ ಅಂದೆ. ಒಂಬತ್ತನೇ ತರಗತಿಯಲ್ಲಿ ಪ್ರತಿಜ್ಞೆಯ ಹೊತ್ತಿಗೆ ಬಾಯಿ ಮುಚ್ಚಿಕೊಂಡು ನಿಂತೆ, ಹತ್ತರಲ್ಲೂ ನಿಂತೆ. ಆಮೇಲೆ ನಾನಾಗಿಯೇ ಬಿಟ್ಟೆ. ಪ್ರತಿಜ್ಞೆ ಒಂದು ಕಾರಣ, ನಿಜ. ಬೀಜಗಣಿತ ಇನ್ನೊಂದು. ಮೂರನೆಯದು, ಒಂದು ಕಡೆ ಕೂತರೆ ನನ್ನ ಮೈಯೆಲ್ಲ ಇರುವೆ ಹರಿದಂತಾಗುತ್ತದೆ. ಪ್ರತಿಜ್ಞೆಯೇ ಇಲ್ಲದಿದ್ದರೂ ನಾನು ಓದು ಮುಗಿಸುತ್ತಿರಲಿಲ್ಲವೇನೋ. ಇದೆಲ್ಲ ಹೇಳಿದೆ.

ವಕೀಲರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಹೊರಗೆ ಹಾಕಿದ್ರು ಅಂದ್ರೆ ತಪ್ಪೇನಮ್ಮ? ಈಗ ನೀನು ಹೊರಗೇ ಇದ್ದೀಯಲ್ಲ."

ಆ ಸಾಲು ನನ್ನ ಬಾಯಿಂದ ಬರುವುದಿಲ್ಲ ಅಂದೆ. ಅವರು ಬೇಸರ ಮಾಡಿಕೊಂಡರೂ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಎರಡನೇ ಸಲವೂ ಪ್ರತಿಜ್ಞೆ ಹೇಳದ ಮಗುವಿಗೆ ಟಿ.ಸಿ. ಕೊಟ್ಟು ಕಳಿಸುವುದು ಆಗ ಎಲ್ಲ ಶಾಲೆಗಳ ನಿಯಮವಾಗಿತ್ತಂತೆ. ಹಾಗಿರುವಾಗ ನಿನ್ನನ್ನು ಯಾಕೆ ಬಿಟ್ಟರು?

ಅಣ್ಣಾ, ಇದನ್ನು ನಾನು ಒಮ್ಮೆಯೂ ಯೋಚಿಸಿಲ್ಲ. ಯಾಕೆ ಬಿಟ್ಟರು? ನೀನು ಅದೇ ಶಾಲೆಯ ಮೇಷ್ಟ್ರು. ನಿನಗೆ ಗೊತ್ತಿರಲೇಬೇಕು.

ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮನಸ್ಸಿನಲ್ಲೇ ಕೊಳೆಯುತ್ತದೆ. ಹತ್ತನೇ ತರಗತಿಯ ವರ್ಷ, ನಾನು ಹಿಂದಿನ ಸಾಲಿನಲ್ಲಿ ತುಟಿ ಬಿಗಿದು ನಿಂತಿದ್ದಾಗ, ಮೆಟ್ಟಿಲು ಹತ್ತಿ ಮೈಕ್ ಹಿಡಿದು ಇಡೀ ಶಾಲೆಗೆ ಪ್ರತಿಜ್ಞೆ ಹೇಳಿಸಿದವನು ನೀನು. ಅದಕ್ಕೂ ಮೊದಲು ಯಾವತ್ತೂ ಹೇಳಿಸಿರಲಿಲ್ಲ. ಆಮೇಲೆ ಪ್ರತಿ ವರ್ಷವೂ ಹೇಳಿಸುತ್ತಿದ್ದೀಯ. ತಂಗಿ ಹೀಗಿದ್ದರೂ ನಾನು ಹೀಗಲ್ಲ ಎಂದು ಊರಿಗೆ ತೋರಿಸುತ್ತಿದ್ದೀಯ ಅಂದುಕೊಂಡೆ. ಅಂದು ನೀನು ಬಡಿಸಿದ್ದನ್ನು ನಾನು ಮುಟ್ಟಲಿಲ್ಲ. ನೀನು ಯಾಕೆಂದು ಕೇಳಲಿಲ್ಲ.

ಮಿಡತೆ


ಆಗಸ್ಟ್ 3

ಮಿಡತೆಗೆ,

ನಿನ್ನ ಕಾಗದ ತಲುಪಿತು. ಇಲ್ಲಿ ಅಡುಗೆಮನೆಯ ನಲ್ಲಿ ಮತ್ತೆ ಸೋರುತ್ತಿದೆ, ಬಟ್ಟೆ ಸುತ್ತಿದ್ದೇನೆ. ಕಿರುಪರೀಕ್ಷೆಯ ಪತ್ರಿಕೆಗಳ ರಾಶಿ ಮೇಜಿನ ಮೇಲಿದೆ. ಪಕ್ಕದ ಮನೆಯ ಬೆಕ್ಕು ಅದರ ಮೇಲೆಯೇ ಮಲಗುತ್ತದೆ, ಹಾಗಾಗಿ ತಿದ್ದುವುದು ತಡವಾಗುತ್ತಿದೆ ಎಂದು ಹೇಳಿಕೊಳ್ಳುತ್ತೇನೆ.

ವಕೀಲರಮ್ಮ ಬರೆದ ಸಾಲನ್ನು ಹೇಳುವುದರಿಂದ ನಿಮ್ಮ ಕೆಲಸಕ್ಕೆ ಅನುಕೂಲವಾಗುವುದಾದರೆ ಹೇಳಿಬಿಡು. ಶಾಲೆಗೆ ಒಂದಿಷ್ಟು ಕೆಟ್ಟ ಹೆಸರು ಬರಬಹುದು, ಅಲ್ಲಿರುವವನು ನಾನಾದ್ದರಿಂದ ನಾಲ್ಕು ಜನ ನನ್ನನ್ನು ಕೇಳಬಹುದು. ತಡೆದುಕೊಳ್ಳುತ್ತೇನೆ. ಅದರ ಚಿಂತೆ ನಿನಗೆ ಬೇಡ.

ಚಳಿ ಶುರುವಾಗುವ ಮುಂಚೆ ಒಂದು ದಪ್ಪ ಸ್ವೆಟರ್ ತೆಗೆದುಕೋ.

ಅಣ್ಣ


ಆಗಸ್ಟ್ 8

ಅಣ್ಣಾ,

ನಲ್ಲಿ, ಬೆಕ್ಕು, ಸ್ವೆಟರ್. ನಾನು ಕೇಳಿದ್ದು ಈ ಮೂರನ್ನೂ ಅಲ್ಲ.

ಸುಳ್ಳು ಹೇಳು ಎಂದು ಬರೆದಿದ್ದೀಯ. ಚಿಕ್ಕವಳಿದ್ದಾಗ ನಾನು ಪೆನ್ಸಿಲ್ ಕದ್ದಿಲ್ಲ ಅಂದ ಸುಳ್ಳಿಗೆ ಅಂಗಡಿಯವರೆಗೂ ಕೈ ಹಿಡಿದು ಕರೆದುಕೊಂಡು ಹೋಗಿ ನಿಜ ಹೇಳಿಸಿದವನು ನೀನು. ಈಗ ಸಮಿತಿಯ ಮುಂದೆ ಸುಳ್ಳು ಹೇಳಿದರೆ ಚಿಂತೆಯಿಲ್ಲವೇ? ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ಮುಚ್ಚಿಡಲು ನಿನಗೆ ಬರುವುದಿಲ್ಲ, ನನಗೂ ಬರುವುದಿಲ್ಲ. ಅದು ನಮ್ಮ ಮನೆಯ ಕಾಯಿಲೆ.

ಉತ್ತರ ಬರುವವರೆಗೆ ನಾನು ಇನ್ನೊಂದು ಕಾಗದ ಬರೆಯುವುದಿಲ್ಲ. ಫೋನ್ ಮಾಡಿದರೆ ಊಟ ಆಯಿತು ಎಂದಷ್ಟೇ ಹೇಳುತ್ತೇನೆ.

ಮಿಡತೆ


ಆಗಸ್ಟ್ 29

ಮಿಡತೆಗೆ,

ಇಷ್ಟು ದಿನ ಫೋನಿನಲ್ಲಿ ನೀನು ಊಟ ಆಯಿತು ಎಂದಷ್ಟೇ ಹೇಳಿದೆ. ಹೇಳಿದಂತೆ ನಡೆಯುವುದನ್ನು ನಿನಗೆ ಕಲಿಸಿದ್ದು ನಾನೇ ಇರಬೇಕು, ಈಗ ಅನುಭವಿಸುತ್ತಿದ್ದೇನೆ.

ನೀನು ಒಂಬತ್ತರಲ್ಲಿ ಸುಮ್ಮನೆ ನಿಂತದ್ದನ್ನು ಎಲ್ಲರೂ ನೋಡಿದ್ದರು. ಕೆಲವು ಪೋಷಕರು ದೂರು ಕೊಟ್ಟರು. ಮುಂದಿನ ವರ್ಷ ಆ ದಿನ ಹತ್ತಿರ ಬಂದಾಗ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ, ನೀನೂ ಒಪ್ಪುತ್ತೀಯ. ಮೇಜಿನ ಮೇಲೆ ನಿನ್ನ ಟಿ.ಸಿ. ಸಹಿಗೆ ಸಿದ್ಧವಾಗಿತ್ತು. ತಂಗಿಗೆ ಬುದ್ಧಿ ಹೇಳಿ ಅಂದರು. ಅವಳಿಗೆ ಬುದ್ಧಿ ಇರುವುದರಿಂದಲೇ ಹೇಳುತ್ತಿಲ್ಲ ಸಾರ್ ಅಂದೆ. ನಮ್ಮ ತಾಯಿಯ ಕಡೆಯವರು ಆ ದಡದವರು, ಅದು ನಿಮಗೂ ಗೊತ್ತು ಅಂದೆ. ಅವರು ಬಹಳ ಹೊತ್ತು ಪೆನ್ನನ್ನು ಮುಚ್ಚಿ ತೆರೆದು ಮಾಡಿದರು. ಆಮೇಲೆ ಹೀಗಂದರು:

"ನಿಮ್ಮ ತಂಗಿ ಹೇಳೋದು ಬೇಡ. ನೀವು ಹೇಳ್ಸಿ, ಮೈಕ್‌ನಲ್ಲಿ. ಒಂದು ಮನೆಯಿಂದ ಒಂದು ದನಿ ಬಂದ್ರೆ, ಆ ಮನೆ ಯಾವ ಕಡೆ ಅಂತ ಯಾರೂ ಕೇಳಲ್ಲ."

ಒಪ್ಪಿಕೊಂಡೆ. ನನ್ನ ದನಿ ಅಂಥ ಬೆಲೆಬಾಳುವುದಲ್ಲ, ಅದನ್ನು ಕೊಟ್ಟು ನಿನ್ನ ಮೌನವನ್ನು ಉಳಿಸಿಕೊಳ್ಳಬಹುದಾದರೆ ಆ ವ್ಯಾಪಾರದಲ್ಲಿ ನಷ್ಟವಿಲ್ಲ ಎಂದುಕೊಂಡೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಮಾರನೆಯ ದಿನವೇ ಶಾಲೆ ಬಿಡುತ್ತಿದ್ದೆ. ಹೇಳದ್ದರಿಂದ ಕೆಲವು ತಿಂಗಳು ತಡವಾಗಿ ಬಿಟ್ಟೆ. ಬೀಜಗಣಿತದ ಮುಂದೆ ನನ್ನ ಉಪಾಯ ನಡೆಯಲಿಲ್ಲ.

ನೀನು ಹೋದೆ, ಒಪ್ಪಂದ ಉಳಿಯಿತು. ಆ ಹೆಡ್‌ಮಾಸ್ಟರು ನಿವೃತ್ತರಾದರು. ಪ್ರತಿಜ್ಞೆ ಹೇಳಿಸುವುದು ಇವರ ಕೆಲಸ ಎಂದು ಎಲ್ಲರಿಗೂ ರೂಢಿಯಾಯಿತು. ಒಂದು ವರ್ಷ ಬೇಡ ಅಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ನಿನ್ನ ವಿಷಯ ಎತ್ತಬೇಕಾಗುತ್ತದೆ. ಪ್ರತಿ ವರ್ಷ 'ಜನರಿಲ್ಲದ' ಎಂಬ ಮಾತು ಬಂದಾಗ ನನಗೆ ಅಮ್ಮನ ಮುಖ ನೆನಪಾಗುತ್ತದೆ. ಅಮ್ಮ ಇದ್ದಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳೋ ತಲೆ ಸವರುತ್ತಿದ್ದಳೋ, ಇಂದಿಗೂ ನನಗೆ ಗೊತ್ತಾಗಿಲ್ಲ.

ಅಂದು ನೀನು ಊಟ ಬಿಟ್ಟದ್ದನ್ನು ನೋಡಿದ್ದೆ. ಕೇಳಿದರೆ ಹೇಳಬೇಕಾಗುತ್ತಿತ್ತು, ಅದಕ್ಕೇ ಕೇಳಲಿಲ್ಲ.

ಇದನ್ನು ಸಭೆಯಲ್ಲಿ ಹೇಳಬೇಡ ಎಂದು ಬರೆಯಲು ಹೊರಟಿದ್ದೆ. ಹಾಗೆ ಬರೆದರೆ ನೀನು ಹೇಳುವುದಿಲ್ಲ, ಆದರೆ ಅದು ನಿನ್ನ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮನೆಯಲ್ಲಿ ಒಬ್ಬನ ಗಂಟಲು ಸಾಕು. ನಿನಗೆ ಸರಿ ಕಂಡದ್ದನ್ನು ಮಾಡು.

ಅಣ್ಣ


ಸೆಪ್ಟೆಂಬರ್ 5

ಅಣ್ಣಾ,

ನಿನ್ನ ಕಾಗದವನ್ನು ಅಂಗಡಿಯಲ್ಲಿ, ಬೆಸುಗೆಯ ಒಲೆಯ ಪಕ್ಕ ನಿಂತು ಓದಿದೆ. ಮೇಸ್ತ್ರಿ ನನ್ನ ಮುಖ ನೋಡಿ, ನನ್ನ ಕೈಯಲ್ಲಿದ್ದ ಕೊಂಬನ್ನು ತೆಗೆದುಕೊಂಡು, "ಇವತ್ತು ನೀನು ಬಿಸಿ ಕೆಲಸ ಮುಟ್ಟಬೇಡ" ಅಂದರು.

ನಿನ್ನೆ ಸಭೆ ಆಯಿತು. ನಿನ್ನ ವಿಷಯ ಹೇಳುವುದಿಲ್ಲ ಎಂದು ತೀರ್ಮಾನಿಸಿಕೊಂಡೇ ಹೋಗಿದ್ದೆ, ಇದನ್ನು ನಂಬು. ದೊಡ್ಡ ಹಾಲ್, ಮುಂದೆ ಉದ್ದದ ಮೇಜು, ಸಮಿತಿಯವರ ಮುಂದೆ ನೀರಿನ ಲೋಟಗಳು. ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬಾಕೆ ಅತ್ತರು, ಒಬ್ಬರು ಸಮಿತಿಯವರನ್ನೇ ಬೈದರು. ನನ್ನ ಸರದಿ ಬಂದಾಗ ಅಜ್ಜಿಯ ಅಜ್ಜಿಯ ವಿಷಯ ಹೇಳಿದೆ. ಹಾಯಿ ಹೊಲಿದ ತಾತನ ವಿಷಯವನ್ನೂ ಹೇಳಿದೆ, ವಾಂತಿಯ ಸಮೇತ. ಅದಕ್ಕೆ ಎರಡೂ ಕಡೆಯವರು ನಕ್ಕರು. ದಡದ ದಿನ ಅಂದೆ. ನನ್ನನ್ನು ಯಾರೂ ಶಾಲೆಯಿಂದ ಹೊರಗೆ ಹಾಕಿಲ್ಲ, ನಾನೇ ಬಿಟ್ಟೆ ಎಂದೂ ಹೇಳಿದೆ. ವಕೀಲರಮ್ಮ ತಲೆ ತಗ್ಗಿಸಿಕೊಂಡರು.

ಆಗ ಹೆಸರು ಬದಲಿಸಬಾರದು ಎನ್ನುವವರ ಕಡೆಯಿಂದ ಕೋಟು ತೊಟ್ಟ ಒಬ್ಬ ತಾತ ಎದ್ದು ನಿಂತರು. ಸಿಟ್ಟಿನ ಮನುಷ್ಯರಲ್ಲ, ಮೊಮ್ಮಗಳನ್ನು ಕೇಳುವ ಹಾಗೆಯೇ ಕೇಳಿದರು. "ಹೊರಗೆ ಹಾಕ್ಲಿಲ್ಲ, ಹೊಡೀಲಿಲ್ಲ, ಬೈಲಿಲ್ಲ. ಸುಮ್ಮನೆ ನಿಲ್ಲೋಕೂ ಬಿಟ್ರು. ಹಾಗಾದ್ರೆ ಆ ಹೆಸರಿಂದ ನಿನಗೆ ಆದ ತೊಂದರೆ ಏನಮ್ಮ?"

ಅದು ನ್ಯಾಯವಾದ ಪ್ರಶ್ನೆ. ನನಗೇನೂ ಆಗಿಲ್ಲ ಅಂದರೆ ಸುಳ್ಳಾಗುತ್ತಿರಲಿಲ್ಲ, ನಿಜವೂ ಆಗುತ್ತಿರಲಿಲ್ಲ. ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನನಗೇನೂ ಆಗ್ಲಿಲ್ಲ ತಾತ. ಆಗಿದ್ದು ನಮ್ಮಣ್ಣನಿಗೆ. ನಾನು ಸುಮ್ಮನೆ ನಿಲ್ಲೋಕೆ ಅವನು ಮಾತಾಡಬೇಕಾಯ್ತು. ನಮ್ಮಮ್ಮನ ಕಡೆಯವರು ಇರಲೇ ಇಲ್ಲ ಅಂತ ವರ್ಷ ವರ್ಷ ಮೈಕ್‌ನಲ್ಲಿ ಹೇಳ್ತಿದಾನೆ. ಅದು ಸುಳ್ಳು ಅಂತ ಅವನಿಗೆ ಗೊತ್ತು."

ತಾತ ತಲೆಯಾಡಿಸಿ ಕೂತರು. ಹೊರಗೆ ಬಂದ ಮೇಲೆ ವಕೀಲರಮ್ಮ ನನ್ನ ಕೈ ಹಿಡಿದುಕೊಂಡರು. ತಾವು ಬರೆದುಕೊಟ್ಟ ಸಾಲಿಗೆ ಕ್ಷಮಿಸು ಅಂದರು.

ನಿನ್ನ ಹೆಸರು ಹೇಳಲಿಲ್ಲ. ಆದರೆ ನನಗಿರುವುದು ಒಬ್ಬನೇ ಅಣ್ಣ, ಅಲ್ಲಿ ಪತ್ರಿಕೆಯವರೂ ಇದ್ದರು. ನಿನಗೆ ಏನಾದರೂ ಆದರೆ ಅದು ನನ್ನಿಂದ ಆಗುತ್ತದೆ. ಅಣ್ಣಾ, ನಾಲ್ಕು ವರ್ಷ ನಿನ್ನನ್ನು ಹೇಡಿ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡೇ ಮನೆ ಬಿಟ್ಟೆ. ಕನ್ನಡಿ ಮುಂದೆ ಕೂರಿಸಿ, ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ನನಗೆ ಜಡೆ ಹಾಕಲು ಕಲಿತವನನ್ನು ಹಾಗೆ ಅಂದುಕೊಂಡೆ. ಅದಕ್ಕೆ ಏನು ಬರೆಯಬೇಕೆಂದು ನನಗೆ ಗೊತ್ತಾಗುತ್ತಿಲ್ಲ.

ಮಿಡತೆ


ಸೆಪ್ಟೆಂಬರ್ 20

ಮಿಡತೆಗೆ,

ಸಮಿತಿಯ ತೀರ್ಮಾನ ಓದಿರುತ್ತೀಯ. ಮುಂದಿನ ವರ್ಷ ಜನಮತ, ಅಲ್ಲಿಯವರೆಗೆ ಹಳೆಯ ಹೆಸರೇ. ಆದರೆ ಮತಪತ್ರದಲ್ಲಿ ಮೂರನೆಯ ಹೆಸರಾಗಿ 'ದಡದ ದಿನ' ಸೇರಿದೆ. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಅದು ಯಾರು ಕೊಟ್ಟ ಹೆಸರು ಎಂದು ಚರ್ಚೆ ನಡೆಯುತ್ತಿತ್ತು. ನನ್ನನ್ನು ಕಂಡು ನಿಲ್ಲಿಸಿದರು. ಆಮೇಲೆ ಅಂಗಡಿಯವನು ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಪತ್ರಿಕೆಯಲ್ಲಿ ನಿನ್ನ ಮಾತು ಬಂದ ದಿನ ಶಾಲೆಯಲ್ಲಿ ಇಬ್ಬರು ಮೇಷ್ಟ್ರುಗಳು ನನ್ನೊಂದಿಗೆ ಮಾತು ಬಿಟ್ಟರು. ಹೊಸ ಹೆಡ್‌ಮಿಸ್ಟ್ರೆಸ್ ಮಾತ್ರ ಕರೆದು, ಈ ವರ್ಷ ಬೇರೆಯವರಿಂದ ಹೇಳಿಸೋಣವೇ ಎಂದು ಮೆತ್ತಗೆ ಕೇಳಿದರು. ಬೇಡ, ನಾನೇ ಹೇಳಿಸುತ್ತೇನೆ ಅಂದೆ. ಯಾಕೆ ಹಾಗಂದೆನೋ ಸ್ಥಾಪಕರ ದಿನದ ಬೆಳಿಗ್ಗೆ ಮೆಟ್ಟಿಲು ಹತ್ತುವವರೆಗೂ ನನಗೆ ತಿಳಿದಿರಲಿಲ್ಲ.

ಅಂಗಳದ ತುಂಬ ಮಕ್ಕಳು, ಗೇಟಿನ ಹತ್ತಿರ ಪೋಷಕರು. ಪ್ರತಿಜ್ಞೆ ಶುರು ಮಾಡಿದೆ. ಆ ಮಾತು ಬಂತು. ಅದನ್ನು ಬಿಟ್ಟೆ. "ದಡಕ್ಕೆ ಬಂದಿಳಿದು" ಎಂದೆ, ಅಷ್ಟೇ. ಮಕ್ಕಳು ನಾನು ಹೇಳಿದ್ದನ್ನೇ ಹೇಳಿದರು. ಚಿಕ್ಕವರಿಗೆ ಏನೂ ಗೊತ್ತಾಗಲಿಲ್ಲ. ದೊಡ್ಡ ತರಗತಿಯ ಕೆಲವರು ತಲೆ ಎತ್ತಿ ನನ್ನನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಪಾಠವನ್ನು ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಗೇಟಿನ ಹತ್ತಿರ ಯಾರೋ ಕೂಗಿದರು, ಇನ್ನಾರೋ ಅವರನ್ನು ಸುಮ್ಮನಿರಿಸಿದರು.

ಪ್ರತಿ ವರ್ಷ ಅಂದು ಮನೆಗೆ ಬಂದವನೇ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಿದ್ದೆ, ಗಂಟಲು ಕಟ್ಟುತ್ತದೆ ಎಂದು. ಈ ವರ್ಷ ನೀರು ಕಾಯಿಸಿಟ್ಟು ಮರೆತೆ. ಪಾತ್ರೆ ಸೀದು ಹೋಯಿತು.

ಈಗ ಇಲಾಖೆಯಿಂದ ನೋಟಿಸ್ ಬಂದಿದೆ. ಪ್ರತಿಜ್ಞೆಯ ಪದವೊಂದನ್ನು ಕೈಬಿಟ್ಟಿದ್ದಕ್ಕೆ ಲಿಖಿತ ವಿವರಣೆ ಕೊಡಬೇಕು, ತಿಂಗಳ ಕೊನೆಗೆ ಅಧಿಕಾರಿಗಳ ಮುಂದೆ ಹಾಜರಾಗಬೇಕು. ಕೆಲಸ ಹೋಗುತ್ತದೆ ಎಂದು ಕೆಲವರು, ಒಂದು ಇನ್‌ಕ್ರಿಮೆಂಟ್ ಹೋಗುತ್ತದೆ ಎಂದು ಕೆಲವರು. ವಿವರಣೆ ಬರೆಯಲು ಕೂತೆ. ಮೂರು ಪುಟ ಆಯಿತು. ಓದಿದರೆ ಮೂರು ಪುಟವೂ ಕ್ಷಮಾಪಣೆಯ ಹಾಗಿತ್ತು, ಹರಿದು ಹಾಕಿದೆ. ವ್ಯಾಕರಣ ನನಗೆ ಬರುತ್ತದೆ, ನೇರವಾಗಿ ಬರೆಯುವುದು ನಿನಗೆ ಬರುತ್ತದೆ. ಬರೆದು ಕಳಿಸುತ್ತೀಯಾ?

ನಿನ್ನಿಂದ ನನಗೆ ಏನಾದರೂ ಆಗುತ್ತದೆ ಎಂದು ನೀನು ಬರೆದಿದ್ದೆ. ಆಯಿತು. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಣ್ಣ


ಸೆಪ್ಟೆಂಬರ್ 24

ಅಣ್ಣಾ,

ವಿವರಣೆ ಇಷ್ಟು ಸಾಕು:

"ಆ ದಡದಲ್ಲಿ ಜನರಿದ್ದರು. ನಮ್ಮ ತಾಯಿ ಅವರ ಮನೆಯವಳು. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳಿಸಿದ್ದು ತಪ್ಪು. ಈ ವರ್ಷ ಸರಿಯಾಗಿ ಹೇಳಿಸಿದ್ದೇನೆ."

ಇದಕ್ಕಿಂತ ಉದ್ದ ಮಾಡಬೇಡ. ಉದ್ದ ಮಾಡಿದರೆ ನೀನು ಮತ್ತೆ ವಿನಯಕ್ಕೆ ಇಳಿಯುತ್ತೀಯ. ವಕೀಲರಮ್ಮ ಇದನ್ನು ಓದಿ, ಕಾನೂನಿನ ಪ್ರಕಾರ ಒಂದು ಸಾಲು ಸೇರಿಸಬೇಕು ಅಂದರು, ಆಮೇಲೆ ಬೇಡ ಅಂದರು. ನಿನ್ನ ಜೊತೆ ತಾವೂ ಬರುತ್ತಾರಂತೆ, ಫೀಸಿನ ಮಾತೆತ್ತಿದ್ದಕ್ಕೆ ನನ್ನ ಕಿವಿ ಹಿಂಡಿದರು.

ಈ ಕಾಗದದ ಮೊದಲಿಗೆ 'ಧನ್ಯವಾದಗಳು' ಎಂದು ಬರೆದಿದ್ದೆ. ನೋಡಿದರೆ ಬ್ಯಾಂಕಿನ ಗೋಡೆಯ ಮೇಲೆ ಬರೆದ ಹಾಗಿತ್ತು, ಹಾಳೆಯನ್ನೇ ಬದಲಿಸಿದೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅದನ್ನು ಹೇಳಿದವರಲ್ಲ. ಹೇಳದೆ ಇರುವುದಕ್ಕೂ ಆಗುತ್ತಿಲ್ಲ. ನೀನು ಕೊಟ್ಟದ್ದು ಏನೆಂದು ತಿಳಿಯದೆ ನಾನು ಅದರ ಮೇಲೆಯೇ ನಿಂತು ನಿನ್ನನ್ನು ಬೈಯುತ್ತಿದ್ದೆ. ಬೈಸಿಕೊಂಡು ಸ್ವೆಟರ್ ತಗೋ ಎಂದು ಬರೆಯುತ್ತಿದ್ದೆಯಲ್ಲ ಮಾರಾಯ, ನಿನ್ನಂಥವನಿಗೆ ಯಾವ ಪದ ಹುಡುಕಲಿ?

ಮೇಸ್ತ್ರಿಯನ್ನು ರಜೆ ಕೇಳಿದೆ. ಎಷ್ಟು ದಿನ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅಂದರೆ ಕೆಲಸ ಬಿಟ್ಟ ಹಾಗೆಯೇ ಎಂದು ಎಲ್ಲ ಯಜಮಾನರೂ ಹೇಳುತ್ತಾರೆ, ಅದಕ್ಕೆ ಕಾದು ನಿಂತೆ. "ನಿನ್ನ ಸರಳು ಇಲ್ಲೇ ಇರುತ್ತೆ, ಬೇರೆಯವ್ರಿಗೆ ಕೊಡಲ್ಲ. ಹೋಗಿ ಬಾ" ಅಂದರು.

ಹಾಗಾಗಿ ಬರುತ್ತಿದ್ದೇನೆ. ನಿನ್ನನ್ನು ವಿಚಾರಣೆಗೆ ಒಳಗೆ ಕರೆದಾಗ ನನ್ನನ್ನು ಬಿಡುವುದಿಲ್ಲ ಎಂದು ವಕೀಲರಮ್ಮ ಹೇಳಿದರು. ಬಿಡದಿದ್ದರೆ ಬೇಡ. ಆ ಕಚೇರಿಯ ಹೊರಗೆ ಒಂದು ಬೆಂಚು ಇರುತ್ತದೆ, ಎಲ್ಲ ಕಚೇರಿಗಳಲ್ಲೂ ಇರುತ್ತದೆ. ಅವರು ನಿನ್ನನ್ನು ಎಷ್ಟು ಹೊತ್ತು ಬೇಕಾದರೂ ಕೇಳಲಿ. ನೀನು ಹೊರಗೆ ಬರುವವರೆಗೂ ನಾನು ಅಲ್ಲಿಂದ ಏಳುವುದಿಲ್ಲ.

ಮಿಡತೆ